ತೋಟದಲ್ಲೇ ಆನೆ ಇರುವಾಗ ಜಾಂಬಿಯಾಗೆ ಯಾಕೆ?

"ಆನೆ ನೋಡೋಕೆ ಅಷ್ಟು ದುಡ್ಡು ಸುರಿದು ಆಫ್ರಿಕಾಗೆ ಹೋಗಬೇಕಾ? ರಾತ್ರಿ ನಮ್ಮ ತೋಟಕ್ಕೆ ಬಾ, ಬಿಟ್ಟಿ ತೋರಿಸ್ತೀನಿ" ಅಂತ ಕೊಡಗಿನ ಗೋಣಿಕೊಪ್ಪದಲ್ಲಿ ಸಿಕ್ಕವರೆಲ್ಲ ಹೇಳುತ್ತಾರೆ. ಸುಳ್ಳೇನಲ್ಲ. ಹಲಸು ಹಣ್ಣಾಗುವ ಕಾಲದಲ್ಲಿ ಸಿದ್ದಾಪುರ, ತಿತಿಮತಿ ಕಡೆ ಆನೆ ಎಲ್ಲಿದೆ ಅಂತ ವಿಚಾರಿಸಿಕೊಂಡೇ ಕೆಲಸದವರು ತೋಟಕ್ಕೆ ಇಳಿಯಬೇಕು. ನನಗೆ ಬೇಕಾಗಿದ್ದು ಆನೆಗಿಂತ ಜಾಸ್ತಿ, ಅಲ್ಲಿಯವರು ಆನೆ ಹತ್ತಿರ ಹೇಗೆ ನಡೆದುಕೊಳ್ಳುತ್ತಾರೆ ಅನ್ನೋದು.

ಹೋಗಿದ್ದು ಜಾಂಬಿಯಾದ ಸೌತ್ ಲುವಾಂಗ್ವಾ ನ್ಯಾಷನಲ್ ಪಾರ್ಕಿಗೆ. ಸುಮಾರು 9,050 ಚದರ ಕಿಲೋಮೀಟರ್ ಕಾಡು, ನಮ್ಮ ನಾಗರಹೊಳೆ 643. ರಾಜಧಾನಿ ಲುಸಾಕಾದಿಂದ ಚಿಕ್ಕ ವಿಮಾನದಲ್ಲಿ ಮ್ಫುವೆ ಅನ್ನೋ ಊರಿಗೆ, ಅಲ್ಲಿಂದ ಜೀಪು. ಒಣಗಾಲ ಜೂನ್‌ನಿಂದ ಅಕ್ಟೋಬರ್‌ವರೆಗೆ, ಅಂದರೆ ಇಲ್ಲಿ ಜಡಿಮಳೆ ಹೊಡೆಯುವಾಗ ಹೋಗಿ ಕಾಫಿ ಕೊಯ್ಲಿಗೆ ಮೊದಲು ವಾಪಸ್ ಬರಬಹುದು.

ಅಲ್ಲಿ ಕಾಲ್ನಡಿಗೆ ಸಫಾರಿ ಹೆಸರುವಾಸಿ. ಮುಂದೆ ಬಂದೂಕು ಹಿಡಿದ ಸ್ಕೌಟ್ ಅಂದರೆ ಕಾವಲುಗಾರ, ಅವನ ಹಿಂದೆ ಗೈಡ್, ಆಮೇಲೆ ನಾವು ಸಾಲಾಗಿ, ಮಾತಿಲ್ಲ. ಗೈಡ್ ಕೈಯಲ್ಲಿ ಬೂದಿ ತುಂಬಿದ ಹಳೇ ಕಾಲುಚೀಲ. ಗಾಳಿ ನಮ್ಮ ವಾಸನೆಯನ್ನು ಎತ್ತ ಒಯ್ಯುತ್ತೆ ಅಂತ ತಿಳಿಯೋಕೆ ಆಗಾಗ ಅದನ್ನು ಕೊಡವಿ ಬೂದಿ ಯಾವ ಕಡೆ ಹಾರುತ್ತೆ ಅಂತ ನೋಡುತ್ತಿದ್ದ. ಹುಣಸೆ ಮರದ ಕೆಳಗೆ ಒಂದು ಹಿಂಡು ನಿಂತಿತ್ತು. ಇನ್ನೂ ಸ್ವಲ್ಪ ಹತ್ತಿರ ಹೋಗೋಣ ಅಂತ ಜೊತೆಯಲ್ಲಿದ್ದವರೊಬ್ಬರು ಸನ್ನೆ ಮಾಡಿದರು. ಅವನು ಚೀಲ ಕೊಡವಿದ. ಬೂದಿ ನೇರ ಆನೆಗಳ ಕಡೆಗೇ ಹೋಯಿತು. ಒಂದೂ ಮಾತಾಡದೆ ಎಲ್ಲರನ್ನೂ ಹಿಂದಕ್ಕೆ ಕರೆದುಕೊಂಡು ಹೋದ. ನಾವು ಬಂದು ಹೋಗಿದ್ದು ಆನೆಗಳಿಗೆ ಗೊತ್ತೇ ಆಗಲಿಲ್ಲ. ಸಫಾರಿ ಅಂದರೆ ಹಾಗಿರಬೇಕು ಅಲ್ವಾ? ಆನೆಚೌಕೂರು ರಸ್ತೆಯಲ್ಲಿ ಕಾರು ನಿಲ್ಲಿಸಿ ಸೆಲ್ಫಿ ತೆಗೆಯುವವರನ್ನು ಆ ಗೈಡ್ ಜೊತೆ ಒಂದು ಬೆಳಿಗ್ಗೆ ನಡೆಸಬೇಕು.

ಆ ಹಿಂಡಿನಲ್ಲಿ ದಂತ ಇಲ್ಲದ ಹೆಣ್ಣಾನೆ ಇತ್ತು. ನಮ್ಮಲ್ಲಿ ಅದು ವಿಶೇಷವಲ್ಲ, ಆದರೆ ಆಫ್ರಿಕಾದಲ್ಲಿ ಹೆಣ್ಣಿಗೂ ದಂತ ಇರುತ್ತೆ. 1970, 80ರ ದಶಕಗಳಲ್ಲಿ ಆ ಕಣಿವೆಯಲ್ಲಿ ದಂತಕ್ಕಾಗಿ ವಿಪರೀತ ಬೇಟೆ ನಡೆಯಿತು. ದಂತ ಇಲ್ಲದವು ಬದುಕಿಕೊಂಡವು, ಮರಿಗಳಿಗೂ ಅದೇ ಬಂತು. ಖಡ್ಗಮೃಗ ಮಾತ್ರ ಒಂದೂ ಉಳಿಯಲಿಲ್ಲ.

ಹಾಗಾಗಿ ಕ್ಯಾಂಪು ಆರಿಸುವಾಗ ಈಜುಕೊಳದ ಫೋಟೋ ನೋಡಿ ಮರುಳಾಗಬೇಡಿ. ಗೈಡುಗಳು ಅಲ್ಲಿಯ ಊರಿನವರಾ, ನಾವು ಕೊಡೋ ದುಡ್ಡಿನಲ್ಲಿ ಹಳ್ಳಿಯವರಿಗೆ ಎಷ್ಟು ಹೋಗುತ್ತೆ, ಬೇಟೆ ತಡೆಯುವ ಕಾವಲಿಗೆ ಎಷ್ಟು ಅಂತ ಬರೆದು ಕೇಳಿ. ಸರಿಯಾದವರು ಬೇಜಾರಿಲ್ಲದೆ ಉತ್ತರ ಕೊಡುತ್ತಾರೆ. ಇದು ಹೊಸ ಯೋಚನೆಯೂ ಅಲ್ಲ: 1950ರಲ್ಲೇ ನಾರ್ಮನ್ ಕಾರ್ ಎಂಬ ವನ್ಯಜೀವಿ ಅಧಿಕಾರಿ ಅಲ್ಲಿಯ ಮುಖಂಡ ನ್ಸೆಫು ಅವರನ್ನು ಒಪ್ಪಿಸಿ ಅವರ ನೆಲದಲ್ಲೇ ಪ್ರವಾಸಿ ಕ್ಯಾಂಪು ಶುರು ಮಾಡಿದರು, ದುಡ್ಡು ಆ ಜನಕ್ಕೇ ಹೋಗುವ ಹಾಗೆ. ಆನೆ ಬೆಳೆ ತುಳಿದ ಮನೆಗೆ ಆನೆಯಿಂದಲೇ ನಾಲ್ಕು ಕಾಸು ಬಂದರೆ ಸಿಟ್ಟು ಸ್ವಲ್ಪ ಇಳಿಯುತ್ತೆ. ಇದನ್ನು ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ರಾತ್ರಿ ಸಫಾರಿಯಲ್ಲಿ ಜಿಂಕೆಗಳ ಮುಖಕ್ಕೆ ಲೈಟು ಬಿಡಿ ಅಂತ ಕೇಳಬೇಡಿ. ಅವಕ್ಕೆ ಸ್ವಲ್ಪ ಹೊತ್ತು ಕಣ್ಣು ಕಾಣಲ್ಲ, ಚಿರತೆಗೆ ಸುಲಭದ ಊಟ. ಚಿಕ್ಕ ವಿಮಾನಕ್ಕೆ ಗಟ್ಟಿ ಸೂಟ್‌ಕೇಸ್ ಬೇಡ, ಮೆತ್ತನೆ ಬ್ಯಾಗ್ ಸಾಕು. ನೀಲಿ, ಕಪ್ಪು ಬಟ್ಟೆ ಮನೆಯಲ್ಲೇ ಬಿಡಿ. ತ್ಸೆತ್ಸೆ ನೊಣಕ್ಕೆ ಆ ಬಣ್ಣ ಕಂಡರೆ ಪ್ರಾಣ, ಕಚ್ಚಿದರೆ ನಮ್ಮ ಜಿಗಣೆಯೇ ವಾಸಿ ಅನ್ನಿಸುತ್ತೆ.