ಒಂದೇ ಕಾಯಿಯ ಜಿನ್: ಸ್ಟೈನ್‌ಹೇಗರ್

ಈಗಿನ ಜಿನ್ ಬಾಟ್ಲಿಗಳ ಮೇಲೆ ಪದಾರ್ಥಗಳ ಪಟ್ಟಿ ಓದುವಷ್ಟರಲ್ಲಿ ಐಸ್ ಕರಗಿರುತ್ತದೆ. ಜರ್ಮನಿಯದೇ ಮಂಕಿ 47 ತಗೊಳ್ಳಿ. ಬ್ಲ್ಯಾಕ್ ಫಾರೆಸ್ಟ್ ಕಡೆಯದು, ಹೆಸರಲ್ಲೇ ಲೆಕ್ಕ ಇದೆ, 47 ಬಗೆಯ ಬೇರು, ಹೂವು, ಸಿಪ್ಪೆ, ಇನ್ನೇನೇನೋ. ಚೆನ್ನಾಗಿಲ್ಲ ಅಂತಲ್ಲ. ಆದರೆ ನನ್ನ ಓಟು ಅದೇ ದೇಶದ ಸ್ಟೈನ್‌ಹೇಗರ್‌ಗೆ. ಅದರಲ್ಲಿ ಪರಿಮಳಕ್ಕೆ ಹಾಕೋದು ಜುನಿಪರ್ ಒಂದೇ, ಅಂದರೆ ಜಿನ್‌ಗೆ ಅದರ ಮೂಲ ಪರಿಮಳ ಕೊಡುವ ಪೊದೆಯ ಕಾಯಿ.

ಇದು ವೆಸ್ಟ್‌ಫಾಲಿಯಾದ ಸ್ಟೈನ್‌ಹಾಗೆನ್ ಊರಿನದು. ಬೀಲೆಫೆಲ್ಡ್ ಪಕ್ಕ, ಟ್ಯೂಟೊಬುರ್ಗ್ ಕಾಡಿನ ಅಂಚು. ಹಿಂದೆ ಆ ಗುಡ್ಡಗಳಲ್ಲಿ ಜುನಿಪರ್ ಪೊದೆ ತಾನಾಗೇ ಬೆಳೆಯುತ್ತಿತ್ತು. 1688ರಲ್ಲಿ ಬ್ರಾಂಡೆನ್‌ಬುರ್ಗ್‌ನ ದೊರೆ ಫ್ರೆಡ್ರಿಕ್ ವಿಲ್ಹೆಲ್ಮ್ ಸುತ್ತಮುತ್ತ ಭಟ್ಟಿ ಇಳಿಸೋದನ್ನು ನಿಲ್ಲಿಸಿ ಈ ಊರಿಗೆ ಮಾತ್ರ ಬಿಟ್ಟುಕೊಟ್ಟ ಅನ್ನುತ್ತಾರೆ. ಷ್ಲಿಷ್ಟೆ ಮನೆತನದ ಭಟ್ಟಿ 1766ರದು. 1989ರಿಂದ ಯುರೋಪಿನಲ್ಲಿ ಈ ಹೆಸರಿಗೆ ಕಾನೂನಿನ ಕಾವಲೂ ಇದೆ, ಬೇರೆ ಊರಲ್ಲಿ ಮಾಡಿ ಅದೇ ಹೆಸರಿಡುವಂತಿಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಇದನ್ನು ಮಾಡುವ ರೀತಿ. ಲಂಡನ್ ಜಿನ್‌ನಲ್ಲಿ ಒಣಗಿದ ಜುನಿಪರ್ ಕಾಯಿಯನ್ನು ಮಸಾಲೆಗಳ ಜೊತೆ ಸ್ಪಿರಿಟ್‌ಗೆ ಹಾಕಿ ಭಟ್ಟಿ ಇಳಿಸುತ್ತಾರೆ. ಇಲ್ಲಿ ಹಾಗಲ್ಲ, ಕಾಯಿಯನ್ನೇ ಜಜ್ಜಿ, ನೀರು ಯೀಸ್ಟ್ ಸೇರಿಸಿ ಹುದುಗು ಬರಿಸುತ್ತಾರೆ, ಯಾಕಂದ್ರೆ ಮಾಗಿದ ಕಾಯಿಯಲ್ಲಿ ಅದಕ್ಕೆ ಸಾಕಾಗುವಷ್ಟು ಸಕ್ಕರೆ ಇರುತ್ತದೆ. ಅಂದಹಾಗೆ ಆ ಕಾಯಿ ಮಾಗೋದಕ್ಕೆ ಎರಡು ಮೂರು ವರ್ಷ ಬೇಕು, ಒಂದೇ ಕೊಂಬೆಯಲ್ಲಿ ಹಸಿರುಗಾಯಿ, ಕಡುನೀಲಿ ಹಣ್ಣು ಎರಡೂ ಇರುತ್ತವೆ, ಮೇಲೆ ಮುಳ್ಳು ಬೇರೆ, ಕಿತ್ತವರ ಕೈ ಕೇಳಲೇಬೇಡಿ. ಹುದುಗು ಬಂದ ಮೇಲೆ ಮೊದಲ ಸಲ ಇಳಿಸಿದಾಗ ಬರೋದಕ್ಕೆ ಲುಟ್ಟರ್ ಅಂತಾರೆ. ಅದರಲ್ಲಿ ಆಲ್ಕೋಹಾಲ್ ಕಡಿಮೆ, ಘಾಟು ಜಾಸ್ತಿ. ಅದನ್ನು ಧಾನ್ಯದ ಸ್ಪಿರಿಟ್ ಜೊತೆ ಸೇರಿಸಿ ಇನ್ನೊಮ್ಮೆ ಇಳಿಸಿದರೆ ಸ್ಟೈನ್‌ಹೇಗರ್. ಸಾಮಾನ್ಯವಾಗಿ ಶೇ. 38 ಆಲ್ಕೋಹಾಲ್.

ಇನ್ನು ಬಾಟ್ಲಿ. ಉದ್ದಕ್ಕೆ, ಕಂದು ಬಣ್ಣ, ನಮ್ಮ ಉಪ್ಪಿನಕಾಯಿ ಜಾಡಿಯ ಜಾತಿಯದು. ಬೆಳಕು ಒಳಗೆ ಹೋಗಲ್ಲ, ಫ್ರೀಜರ್‌ನಿಂದ ತೆಗೆದ ಮೇಲೂ ತಂಪು ಬೇಗ ಇಳಿಯಲ್ಲ. ತೊಂದರೆ ಒಂದೇ: ಎಷ್ಟು ಉಳಿದಿದೆ ಅಂತ ಕಾಣಲ್ಲ, ಅಲ್ಲಾಡಿಸಿ ಸದ್ದು ಕೇಳಬೇಕು. ಮನೆಯಲ್ಲಿ ಲೆಕ್ಕ ಕೇಳುವವರಿದ್ದರೆ ಅದು ಅನುಕೂಲವೇ ಅನ್ನಿ. ಹಿಂದೆ ಖಾಲಿ ಬಾಟ್ಲಿಗೆ ಬಿಸಿನೀರು ತುಂಬಿ ಚಳಿಗಾಲದಲ್ಲಿ ಹಾಸಿಗೆ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರಂತೆ.

ಕುಡಿಯೋದು ಹೀಗೆ: ಚೆನ್ನಾಗಿ ತಂಪು ಮಾಡಿ, ಸಣ್ಣ ಗ್ಲಾಸಲ್ಲಿ, ಏನೂ ಬೆರೆಸದೆ, ಪಕ್ಕದಲ್ಲಿ ಬಿಯರ್. ಜೊತೆಗೆ ವೆಸ್ಟ್‌ಫಾಲಿಯಾದ ಹ್ಯಾಮ್, ಕಪ್ಪು ಪಂಪರ್‌ನಿಕಲ್ ಬ್ರೆಡ್. ಮೊದಲ ಗುಟುಕು ನುಣ್ಣಗೆ ಜಾರುತ್ತದೆ, ಅಷ್ಟೇನಾ ಅನ್ನಿಸುತ್ತದೆ, ಆಮೇಲೆ ಮೂಗಿನಿಂದ ಉಸಿರು ಬಿಟ್ಟಾಗ ಮರದ ಅಂಟಿನ ವಾಸನೆ ಬರುತ್ತದೆ ನೋಡಿ, ಜುನಿಪರ್ ಇರೋದು ಅಲ್ಲಿ. ಟಾನಿಕ್ ಹಾಕಿದರೆ ಅದು ಮುಳುಗಿಹೋಗುತ್ತದೆ. ಸುಮ್ನೆ ದಂಡ.

ಇಷ್ಟಿದ್ದರೂ ಜರ್ಮನಿಯಲ್ಲಿ ಎಷ್ಟೋ ಜನಕ್ಕೆ ಇದು ಅಜ್ಜಂದಿರ ಡ್ರಿಂಕು. ಹೆಚ್ಚು ಮರ್ಯಾದೆ ಸಿಕ್ಕಿದ್ದು ದಕ್ಷಿಣ ಬ್ರೆಜಿಲ್‌ನಲ್ಲಿ ಅಂತ ಕಾಣುತ್ತದೆ. ಜರ್ಮನ್ ವಲಸಿಗರು ನೆಲೆಸಿದ ಆ ಕಡೆ ಬಿಯರ್ ಮಗ್ಗಿನೊಳಗೆ ಸ್ಟೈನ್‌ಹೇಗರ್ ತುಂಬಿದ ಪುಟ್ಟ ಲೋಟವನ್ನೇ ಮುಳುಗಿಸಿ ಕೊಡುತ್ತಾರೆ. ಅದರ ಹೆಸರು ಸಬ್‌ಮರೀನೊ, ಅಂದರೆ ಜಲಾಂತರ್ಗಾಮಿ.