ಅಕ್ಕಿ ಚೀಲದ ಗಿಳಿ

‘ನಮ್ಮಪ್ಪನ ಗಿಳಿ ಇಷ್ಟೇ ಇತ್ತೇನ್ರಿ?’ ಗಂಗಾವತಿಯ ಅಕ್ಕಿ ಗಿರಣಿಯ ಮಾಲೀಕರು ಸೋಮವಾರ ಕೇಳಿದ ಈ ಮಾತು ವಾರವಿಡೀ ನನ್ನ ಕಿವಿಯಲ್ಲಿಯೇ ಉಳಿದಿದೆ. ಅವರ ತಂದೆಯ ಕಾಲದಲ್ಲಿ ಚೀಲದ ಮೇಲೆ ಅಚ್ಚಾಗುತ್ತಿದ್ದ, ಭತ್ತದ ತೆನೆ ಕಚ್ಚಿದ ಗಿಳಿಯು ನನ್ನ ಪರದೆಯ ಮೇಲೆ ಚೌಕಚೌಕವಾಗಿ ಒಡೆದು ಬರೀ ಹಸಿರು ಕಲೆಯಂತೆ ಕಾಣುತ್ತಿತ್ತು. 1999ರಲ್ಲಿ ಸಿ.ಡಿ.ಗೆ ಹಾಕಿಟ್ಟ ಇಪಿಎಸ್ ಫೈಲು ಅದು, ಅಂದರೆ ಮುದ್ರಣಕ್ಕೆಂದು ಚಿತ್ರವನ್ನು ಪೋಸ್ಟ್‌ಸ್ಕ್ರಿಪ್ಟ್ ಎಂಬ ಭಾಷೆಯಲ್ಲಿ ಬರೆದಿಟ್ಟದ್ದು. ಅವರು ಮೊದಲು ಹೋಗಿದ್ದ ಅಂಗಡಿಯವರು ‘ಫೈಲು ಕೆಟ್ಟಿದೆ, ಹೊಸದಾಗಿ ಬರೆಯಬೇಕು’ ಎಂದು ಹೇಳಿ ಕಳುಹಿಸಿದ್ದರಂತೆ. ಒಳಗೆ ಏನಿದೆಯೆಂದು ನೋಡುವ ಶ್ರಮವನ್ನೂ ಪಡದೆ ಒಂದು ಮನೆತನದ ಗುರುತನ್ನು ಕೆಟ್ಟದ್ದೆಂದು ಹೇಳಿಬಿಡುವುದು ನನಗೆ ಸರಿ ಕಾಣಲಿಲ್ಲ.

ನನ್ನ ಸಂಶಯಕ್ಕೆ ಕಾರಣ ಫೈಲಿನ ಗಾತ್ರ. ಅಷ್ಟು ಸಣ್ಣ ಚಿತ್ರಕ್ಕೆ ಅಷ್ಟು ದೊಡ್ಡ ಫೈಲು ಬೇಕಿರಲಿಲ್ಲ. ಕಮಾಂಡ್ ಲೈನಿನಲ್ಲಿ ಅದರ ಮೊದಲ ಬೈಟುಗಳನ್ನು ತೆಗೆದು ನೋಡಿದಾಗ ಹದಿನಾರರ ಎಣಿಕೆಯಲ್ಲಿ (ಹೆಕ್ಸ್) ಸಿ5, ಡಿ0, ಡಿ3, ಸಿ6 ಎಂದಿತ್ತು. ಇ, ಪಿ, ಎಸ್, ಎಫ್ ಅಕ್ಷರಗಳ ಸಂಕೇತಗಳಿಗೆ ತಲಾ 128 ಕೂಡಿಸಿದರೆ ಬರುವ ಸಂಖ್ಯೆಗಳು ಇವೇ. ಆ ಕಾಲದ ಪುಟವಿನ್ಯಾಸದ ತಂತ್ರಾಂಶಗಳು ಪೋಸ್ಟ್‌ಸ್ಕ್ರಿಪ್ಟನ್ನು ಪರದೆಯ ಮೇಲೆ ಬಿಡಿಸಲಾರದೆ ಇದ್ದುದರಿಂದ, ನಿಜವಾದ ಚಿತ್ರದ ಜೊತೆಗೆ ಕಣ್ಣಂದಾಜಿಗಾಗಿ ಟಿಫ್ ಅಥವಾ ಡಬ್ಲ್ಯೂಎಂಎಫ್ ರೂಪದ ಒಂದು ಸಣ್ಣ ನಕಲನ್ನೂ ಅದೇ ಫೈಲಿನಲ್ಲಿ ಸೇರಿಸಿಡುತ್ತಿದ್ದರು. ಪ್ರಿಂಟರಿಗೆ ಹೋಗುತ್ತಿದ್ದದ್ದು ಪೋಸ್ಟ್‌ಸ್ಕ್ರಿಪ್ಟ್ ಭಾಗ ಮಾತ್ರ. ಯಾವ ಭಾಗ ಎಲ್ಲಿ ಆರಂಭವಾಗುತ್ತದೆ, ಎಷ್ಟು ಉದ್ದವಿದೆ ಎಂಬುದನ್ನು ಆರಂಭದ 30 ಬೈಟುಗಳಲ್ಲಿಯೇ ಬರೆದಿರುತ್ತಾರೆ. ನಾವು ನೋಡುತ್ತಿದ್ದದ್ದು ಆ ನಕಲನ್ನು.

ಬಣ್ಣಕ್ಕೊಂದು ಪ್ಲೇಟ್ ಮಾಡಿ ಅಚ್ಚು ಹಾಕುವ ಚೀಲಕ್ಕೆ ಆ ನಕಲು ಎಂದಿಗೂ ಸಾಲುವುದಿಲ್ಲ. ‘ಎಪ್ಸ್‌ಟೂಲ್’ ಎಂಬ ಸಣ್ಣ ಸಲಕರಣೆಗೆ ಪೋಸ್ಟ್‌ಸ್ಕ್ರಿಪ್ಟ್ ಭಾಗವನ್ನಷ್ಟೇ ಬೇರ್ಪಡಿಸುವಂತೆ ಒಂದು ಸಾಲಿನ ಆಜ್ಞೆ ಕೊಟ್ಟೆ. ಬಂದ ಫೈಲನ್ನು, ಪೋಸ್ಟ್‌ಸ್ಕ್ರಿಪ್ಟ್ ಓದಬಲ್ಲ ತಂತ್ರಾಂಶವಾದ ಘೋಸ್ಟ್‌ಸ್ಕ್ರಿಪ್ಟ್ ಮೂಲಕ ಪಿಡಿಎಫ್ ಮಾಡಿ ತೆರೆದೆ. ಗಿಳಿ ಬಂತು. ಎಷ್ಟು ಹಿಗ್ಗಿಸಿದರೂ ಒಡೆಯದ ಗೆರೆಗಳು, ಕೊರಳಿನ ಕೆಂಪು ಪಟ್ಟಿ, ಕೊಕ್ಕಿನಲ್ಲಿ ಒಂದೊಂದಾಗಿ ಎಣಿಸಬಹುದಾದ ಭತ್ತದ ಕಾಳುಗಳು.

‘ಇಷ್ಟೇ ಇತ್ತೇನ್ರಿ’ ಎಂದು ಕೇಳಿದಾಗ ಅವರ ಕಣ್ಣು ಪರದೆಯ ಮೇಲಿರಲಿಲ್ಲ, ಕೈಯಲ್ಲಿದ್ದ ಸಿ.ಡಿ. ಡಬ್ಬಿಯ ಮೇಲಿತ್ತು. ತಂದೆಯ ಕೆಲಸವನ್ನು ತಾವೇ ನೆನಪಿನಲ್ಲಿ ದೊಡ್ಡದು ಮಾಡಿಕೊಂಡಿದ್ದೆವೇನೋ ಎಂಬ ಅಳುಕು ಆ ದನಿಯಲ್ಲಿತ್ತು ಎಂದು ನನಗೆ ಈಗ ಅನಿಸುತ್ತದೆ. ಗುರುವಾರ ಅವರನ್ನು ಕರೆದು ತೋರಿಸಿದೆ. ಬಹಳ ಹೊತ್ತು ನೋಡಿ, ‘ಹೌದ್ರಿ, ಕಾಳು ಹಿಂಗ ಇದ್ವು’ ಎಂದರು.

ಪೋಸ್ಟ್‌ಸ್ಕ್ರಿಪ್ಟ್ ಎಂಬುದು ಓದಬಹುದಾದ ಪಠ್ಯ. ಅದರ ಆರಂಭದಲ್ಲಿ, ಎರಡು ಶೇಕಡಾ ಚಿಹ್ನೆಗಳ ಮುಂದೆ, ಫೈಲಿನ ಶೀರ್ಷಿಕೆ, ದಿನಾಂಕ ಮತ್ತು ಒಬ್ಬರ ಹೆಸರು ಇದ್ದವು. ಹೆಸರನ್ನು ಓದಿ ಹೇಳಿದಾಗ ಮಾಲೀಕರು ತಡೆದು ನಿಂತರು. ಬಸ್ ನಿಲ್ದಾಣದ ಬಳಿ ಡಿಟಿಪಿ ಮಾಡುತ್ತಿದ್ದ ಹುಡುಗನಂತೆ. ಅವರ ತಂದೆ ಸಂಜೆಗಳಲ್ಲಿ ಅವನ ಪಕ್ಕ ಕುಳಿತು ರೆಕ್ಕೆ ತಿದ್ದಿಸುತ್ತಿದ್ದರಂತೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಕುಡಿದು ಬೆಳೆದ ಅಕ್ಕಿ ಎಷ್ಟೋ ಊರುಗಳಿಗೆ ಹೋದದ್ದು ಇಂಥ ಹುಡುಗರು ಬರೆದ ಚಿತ್ರಗಳನ್ನು ಹೊತ್ತುಕೊಂಡು. ಚೀಲಗಳ ಮೇಲೆ ಗಿರಣಿಯ ಹೆಸರಿರುತ್ತದೆ, ತೂಕವಿರುತ್ತದೆ, ಬರೆದವರ ಹೆಸರು ಇರುವುದಿಲ್ಲ.

ಪಿಡಿಎಫ್ ಜೊತೆಗೆ ಮೂಲ ಫೈಲನ್ನೂ ಪೆನ್ ಡ್ರೈವಿಗೆ ಹಾಕಿಕೊಟ್ಟೆ. ಆ ಹೆಸರಿನ ಸಾಲನ್ನು ಒಂದು ಹಾಳೆಯಲ್ಲಿ ಮುದ್ರಿಸಿ ಕೊಡಿ ಎಂದು ಅವರೇ ಕೇಳಿ ಪಡೆದುಕೊಂಡರು.