ಹಾಡುತ್ತಲೇ ಗಿಟಾರ್ ನುಡಿಸುವ ಕಲಿಕೆ: ಹನ್ನೊಂದನೆಯ ವಾರ

ಈ ವಾರ ತತ್ವಪದದ ಪಲ್ಲವಿಯನ್ನೂ ಮೊದಲ ನುಡಿಯನ್ನೂ, ಬಲಗೈ ಒಮ್ಮೆಯೂ ನಿಲ್ಲದಂತೆ, ಮೆಟ್ರೊನೋಮ್ (ಟಿಕ್ ಟಿಕ್ ಎಂದು ಲಯ ತೋರುವ ಸಾಧನ) 72ರಲ್ಲಿ, ಅಂದರೆ ನಿಮಿಷಕ್ಕೆ 72 ಟಿಕ್‌ಗಳಲ್ಲಿ, ಎರಡು ಸಲ ಪೂರ್ಣವಾಗಿ ಹಾಡಿ ನುಡಿಸಿದೆ. ತಾಳದ ಎರಡು ಮಾತ್ರೆಗೆ (ಎಣಿಕೆಗೆ) ಒಂದು ಟಿಕ್ ಎಂಬ ಲೆಕ್ಕ ನನ್ನದು. ಎರಡನೆಯ ನುಡಿ ಇನ್ನೂ ಕೈಗೆ ಬಂದಿಲ್ಲ. ಆದರೆ ಮೂರು ವಾರಗಳಿಂದ ಒಂದೇ ಜಾಗದಲ್ಲಿ ನನ್ನನ್ನು ತಡೆದು ನಿಲ್ಲಿಸುತ್ತಿದ್ದ ತಪ್ಪಿನ ಮೂಲ ಸಿಕ್ಕಿರುವುದರಿಂದ ಅದನ್ನು ವಿವರವಾಗಿ ಬರೆದಿಡುತ್ತಿದ್ದೇನೆ.

ಈ ಪದವನ್ನು ನಮ್ಮ ಅಜ್ಜ ಬಲಗೈಯಲ್ಲಿ ಏಕತಾರಿ, ಎಡಗೈಯಲ್ಲಿ ಚಿಟಿಕೆ ಹಿಡಿದು ಹಾಡುತ್ತಿದ್ದರು. ಹುನಗುಂದ ತಾಲ್ಲೂಕಿನ ಊರಿನಲ್ಲಿ ಕಟ್ಟೆಯ ಮೇಲೆ ಕುಳಿತು ಅವರು ಹಾಡುವಾಗ ಎರಡು ಕೈಗಳೂ ಬಾಯಿಯೂ ಬೇರೆ ಬೇರೆ ಕೆಲಸ ಮಾಡುತ್ತಿವೆ ಎಂಬುದು ನನ್ನ ಗಮನಕ್ಕೆ ಬಂದದ್ದೇ ಇಲ್ಲ. ಗಿಟಾರ್ ತೊಡೆಯ ಮೇಲೆ ಬಂದ ನಂತರವೇ ಅದು ಎಂಥ ಅಭ್ಯಾಸದ ಫಲವೆಂದು ತಿಳಿಯಿತು.

ಮೊದಲ ಐದು ವಾರಗಳ ವಿಷಯ ಹೆಚ್ಚಿಲ್ಲ. ಕಾರ್ಡ್ (ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಹಿಡಿತ) ಬದಲಿಸುವಾಗ ಕಣ್ಣು ಎಡಗೈಯತ್ತ ಹೋಗದಿರುವವರೆಗೆ ಬಾಯಿ ತೆರೆಯಬಾರದೆಂದು ನಿಶ್ಚಯಿಸಿ ಬರೀ ನುಡಿಸಿದೆ. ಆ ನಿಶ್ಚಯ ಸರಿಯಾಗಿತ್ತೆಂದು ಈಗಲೂ ಅನಿಸುತ್ತದೆ.

ಆರನೆಯ ವಾರದಿಂದ ಹಾಡು ಸೇರಿಸಿದೆ. ಪದ ಕೆಹರವಾ ತಾಳದಲ್ಲಿದೆ, ಎಂಟು ಮಾತ್ರೆ. ಒಂದರ ಮೇಲೆ ಸಮ್, ಅಂದರೆ ಆವರ್ತನ (ತಾಳದ ಒಂದು ಸುತ್ತು) ಆರಂಭವಾಗುವ ಮಾತ್ರೆ; ಐದರ ಮೇಲೆ ಖಾಲಿ, ಅಂದರೆ ಚಪ್ಪಾಳೆ ಇಲ್ಲದ ಮಾತ್ರೆ. ಗಿಟಾರ್ ಕಲಿಯುವವರಲ್ಲಿ ಹಲವರು ಮೊದಮೊದಲು ಕಲಿಯುವ ಹೊಡೆತದ ಕ್ರಮವೊಂದಿದೆ: ಕೆಳಗೆ, ಕೆಳಗೆ-ಮೇಲೆ, ಮೇಲೆ-ಕೆಳಗೆ-ಮೇಲೆ. ಇದನ್ನು ಎಂಟು ಮಾತ್ರೆಗಳ ಮೇಲೆ ಬರೆದು ನೋಡಿದರೆ ಒಂದು, ಮೂರು, ನಾಲ್ಕು, ಆರು, ಏಳು, ಎಂಟರಲ್ಲಿ ತಂತಿಗೆ ಪೆಟ್ಟು ಬೀಳುತ್ತದೆ. ಎರಡರಲ್ಲಿಯೂ ಐದರಲ್ಲಿಯೂ ಕೈ ಚಲಿಸುತ್ತದೆ, ತಂತಿಯನ್ನು ಮುಟ್ಟುವುದಿಲ್ಲ. ಅಂದರೆ ಕೈ ಸುಮ್ಮನೆ ಗಾಳಿಯಲ್ಲಿ ಕೆಳಗಿಳಿಯುವ ಜಾಗವೇ ನಮ್ಮ ತಾಳದ ಖಾಲಿ. ಇದನ್ನು ನೋಟ್‌ಬುಕ್ಕಿನಲ್ಲಿ ಕಂಡ ದಿನ ನನಗಾದ ಸಂತೋಷವನ್ನು ಹೇಳದೆ ಇರಲಾರೆ. ಬೇರೆ ದೇಶದ ವಾದ್ಯದ ಕ್ರಮವೆಂದು ದೂರದಿಂದ ನೋಡುತ್ತಿದ್ದದ್ದು ಚಿಕ್ಕಂದಿನಿಂದ ಭಜನೆಯಲ್ಲಿ ಚಪ್ಪಾಳೆ ಹಾಕಿದ ತಾಳದೊಳಗೆ ಬಂದು ಕುಳಿತಿತು.

ಕಷ್ಟವೂ ಅಲ್ಲಿಯೇ ಇತ್ತು. ಪಲ್ಲವಿಯ ಎರಡನೆಯ ಆವರ್ತನದಲ್ಲಿ ಒಂದು ದೀರ್ಘಾಕ್ಷರ ಸರಿಯಾಗಿ ಐದನೆಯ ಮಾತ್ರೆಯ ಮೇಲೆ ಬೀಳುತ್ತದೆ. ಬಾಯಿ ಒತ್ತಿ ಹೇಳಿದಲ್ಲೆಲ್ಲ ಕೈ ತಂತಿಯನ್ನು ಹೊಡೆಯಲು ಬಯಸುತ್ತದೆ. ಹೊಡೆಯದೆ ಹಾದುಹೋಗಬೇಕೆಂದು ತಡೆದರೆ ಹಾಡು ನಿಲ್ಲುತ್ತದೆ. ಇದಕ್ಕೆ ನೆರವಾದದ್ದು ಹಾಡದೆ ಮಾತಾಡುವ ಅಭ್ಯಾಸ. ಎಡಗೈಯಿಂದ ತಂತಿಗಳನ್ನು ಮುಚ್ಚಿ ಹಿಡಿದು, ಸ್ವರವಿಲ್ಲದ ಬರೀ ಟಕಟಕ ಸದ್ದಿನ ಮೇಲೆ ಸಾಹಿತ್ಯವನ್ನು ಪಾಠ ಒಪ್ಪಿಸುವಂತೆ ಹೇಳುತ್ತಾ ಹೋದೆ. ಮೆಟ್ರೊನೋಮ್ 50ರಲ್ಲಿ ಆರಂಭಿಸಿ, ಪ್ರತಿ ಅಕ್ಷರದ ಕೆಳಗೆ ಅದು ಯಾವ ಮಾತ್ರೆಗೆ ಸೇರಿದ್ದೆಂದು ಅಂಕಿ ಬರೆದುಕೊಂಡು, ದಿನಕ್ಕೆ ಇಪ್ಪತ್ತು ನಿಮಿಷದಂತೆ ಒಂಬತ್ತು ದಿನ ಮಾಡಿದ ಮೇಲೆ ಕೈ ಬಾಯಿಯ ಬೆನ್ನು ಹತ್ತುವುದನ್ನು ಬಿಟ್ಟಿತು. ಆಮೇಲೆ ಗುನುಗುವುದು, ಕೊನೆಗೆ ಹಾಡುವುದು.

ಇನ್ನು ಆ ತಪ್ಪಿನ ವಿಷಯ. ಮೊದಲ ನುಡಿಯ ಮೂರನೆಯ ಸಾಲಿನಲ್ಲಿ ಪ್ರತಿ ಸಲವೂ ನನ್ನ ಧ್ವನಿ ಜಾರುತ್ತಿತ್ತು. ಕೈ ಮತ್ತು ಬಾಯಿ ಇನ್ನೂ ಹೊಂದಿಕೊಂಡಿಲ್ಲವೆಂದೇ ತಿಳಿದು, ಲಯವನ್ನು 60ಕ್ಕೆ, 54ಕ್ಕೆ ಇಳಿಸಿ ಅದೇ ಸಾಲನ್ನು ನೂರಾರು ಸಲ ತಿಕ್ಕಿದೆ. ಫಲವಾಗಲಿಲ್ಲ. ಕಡೆಗೆ ನವನಗರದ ನಮ್ಮ ಓಣಿಯ ಭಜನಾ ಮೇಳದ ಪೇಟಿ (ಹಾರ್ಮೋನಿಯಂ) ಮಾಸ್ತರರ ಬಳಿಗೆ ಗಿಟಾರ್ ಹೊತ್ತು ಹೋದೆ. ಹಳೆಯ ಬಾಗಲಕೋಟೆಯಲ್ಲಿ ಅವರ ಮನೆಯಿದ್ದ ಓಣಿ ಆಲಮಟ್ಟಿಯ ಹಿನ್ನೀರಿಗೆ ಹೋದ ಮೇಲೆ ಇಲ್ಲಿಗೆ ಬಂದವರು. ಬರುವಾಗ ಪೇಟಿಯನ್ನು ಲಾರಿಗೆ ಹಾಕದೆ ಮಡಿಲಲ್ಲಿಟ್ಟುಕೊಂಡು ಬಂದೆನೆಂದು ಹೇಳುತ್ತಾರೆ.

ನಾನು ಹಾಡುವುದು ಪೇಟಿಯವರು ಕಾಳಿ ಒಂದು ಎನ್ನುವ ಸ್ವರವನ್ನು ಷಡ್ಜವಾಗಿ (ಆಧಾರ ಸ್ವರ ‘ಸ’) ಇಟ್ಟುಕೊಂಡು, ಅಂದರೆ ಸಿ ಶಾರ್ಪ್. ಗಿಟಾರಿನಲ್ಲಿ ನಾಲ್ಕನೆಯ ಮನೆಗೆ (ಫ್ರೆಟ್) ಕೇಪೊ, ಅಂದರೆ ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಕ್ಲಿಪ್, ಹಾಕಿ ಎ ಮೈನರ್ ಹಿಡಿದರೆ ಅದೇ ಷಡ್ಜ ಬರುತ್ತದೆ. ಮಾಸ್ತರರು ಮೊದಲು ಗಿಟಾರ್ ಬದಿಗಿಡಿಸಿ, ಪೇಟಿಯ ಷಡ್ಜ ಪಂಚಮದ ಮೇಲೆ ಹಾಡಿಸಿದರು. ಧ್ವನಿ ಜಾರಲಿಲ್ಲ. ಬಳಿಕ ಗಿಟಾರಿನೊಂದಿಗೆ ಹಾಡಿಸಿದರು, ಜಾರಿತು. ಅವರು ಧ್ವನಿ ಜಾರಿದ ಜಾಗದ ಕಾರ್ಡನ್ನು ಒಂದೊಂದೇ ತಂತಿಯಾಗಿ ಮೀಟಲು ಹೇಳಿ, ಪೇಟಿಯ ಒಂದು ಮನೆಯನ್ನು ಒತ್ತಿ ಹಿಡಿದರು.

“ತಮ್ಮಾ, ಪದದಾಗ ಧೈವತ ಶುದ್ಧ ಐತಿ. ನಿನ್ನ ಕೈಯಾಗ ಕೋಮಲ ಬರಾಕತ್ತೈತಿ. ಗಂಟಲೇನ್ ಮಾಡ್ಬೇಕು?”

ಎಲ್ಲವೂ ಆಗ ಸ್ಪಷ್ಟವಾಯಿತು. ಧೈವತವೆಂದರೆ ‘ಧ’ ಸ್ವರ; ಕೋಮಲವೆಂದರೆ ಶುದ್ಧಕ್ಕಿಂತ ಅರ್ಧ ಸ್ವರ ಕೆಳಗಿನದು. ಈ ಧಾಟಿಯಲ್ಲಿ ಗಾಂಧಾರ, ನಿಷಾದಗಳು ಕೋಮಲ, ಧೈವತ ಶುದ್ಧ. ಕೇಪೊವನ್ನು ಲೆಕ್ಕಕ್ಕೆ ಹಿಡಿಯದೆ ಎ ಸ್ವರವನ್ನು ಷಡ್ಜವೆಂದು ಎಣಿಸಿದರೆ ಶುದ್ಧ ಧೈವತ ಎಫ್ ಶಾರ್ಪ್ ಆಗುತ್ತದೆ. ಎ ಮೈನರ್ ಆದ ಮೇಲೆ ಎಫ್ ಹಿಡಿಯುವ ರೂಢಿ ಎಷ್ಟೋ ಹಾಡುಗಳಲ್ಲಿ ಇರುವುದರಿಂದ ನಾನು ಯೋಚಿಸದೆ ಅಲ್ಲಿ ಎಫ್ ಮೇಜರ್ ಹಾಕಿದ್ದೆ. ಅದರ ಮೂಲಸ್ವರವೇ ಕೋಮಲ ಧೈವತ. ನನ್ನ ಕಂಠ ಅಜ್ಜನಿಂದ ಕೇಳಿದ ಧೈವತದತ್ತ ಹೋಗುತ್ತಿತ್ತು, ಕೈ ಅದನ್ನು ಅರ್ಧ ಸ್ವರ ಕೆಳಗೆ ಎಳೆಯುತ್ತಿತ್ತು. ಎಫ್ ತೆಗೆದು ಡಿ ಮೇಜರ್ ಹಾಕಿದೆ. ಅದರಲ್ಲಿ ಡಿ, ಎಫ್ ಶಾರ್ಪ್, ಎ ಮೂರೂ ಈ ಧಾಟಿಯ ಸ್ವರಗಳೇ. ಮೂರು ವಾರ ಜಾರಿದ ಸಾಲು ಅದೇ ಸಂಜೆ ನಿಂತಿತು. ಅಜ್ಜನ ಏಕತಾರಿಗೆ ಇದ್ದದ್ದು ಒಂದೇ ತಂತಿ, ಒಂದೇ ಷಡ್ಜ. ಹಾಡಿನ ಯಾವ ಸ್ವರದೊಂದಿಗೂ ಅದು ಜಗಳವಾಡುವಂತಿರಲಿಲ್ಲ. ಆರು ತಂತಿಗಳ ಗಿಟಾರ್ ಹಿಡಿದವನು ಪ್ರತಿ ಕಾರ್ಡಿನೊಳಗಿನ ಸ್ವರಗಳನ್ನು ಹಾಡಿನ ಸ್ವರಗಳೊಂದಿಗೆ ತಾಳೆ ನೋಡಬೇಕಾಗುತ್ತದೆ. ಆ ಕೆಲಸವನ್ನು ನಾನು ಮಾಡಿರಲಿಲ್ಲ.

ಉಳಿದ ಸಾಲುಗಳನ್ನೂ ಹೀಗೆಯೇ ಪರೀಕ್ಷಿಸಿದೆ. ಈಗ ಎ ಮೈನರ್, ಜಿ, ಡಿ ಮೂರೇ ಕಾರ್ಡುಗಳಿವೆ. ಕೇಪೊ ಹಾಕಿದಾಗ ತಂತಿಗಳು ತುಸು ಏರುವುದರಿಂದ, ಹಾಕಿದ ನಂತರ ಮತ್ತೊಮ್ಮೆ ಶ್ರುತಿ ಮಾಡಿಕೊಳ್ಳುತ್ತೇನೆ. ಮಧ್ಯಾಹ್ನದ ಸೆಕೆಯಲ್ಲಿ ಉಕ್ಕಿನ ತಂತಿ ಸಡಿಲಗೊಂಡು ಶ್ರುತಿ ಇಳಿಯುತ್ತದೆಯಾದ್ದರಿಂದ ಅಭ್ಯಾಸವನ್ನು ಬೆಳಗಿನ ಆರು ಗಂಟೆಗೆ ಬದಲಾಯಿಸಿದ್ದೇನೆ.

ಎರಡನೆಯ ನುಡಿಯ ತೊಂದರೆ ಬೇರೆ ಬಗೆಯದು: ಸಾಲು ಸಮ್‌ನ ಮೇಲೆ ಆರಂಭವಾಗದೆ ಹಿಂದಿನ ಆವರ್ತನದ ಏಳನೆಯ ಮಾತ್ರೆಯಿಂದಲೇ ಎದ್ದು ಬರುತ್ತದೆ, ಕಾರ್ಡ್ ಮಾತ್ರ ಸಮ್‌ನಲ್ಲಿ ಬದಲಾಗಬೇಕು. ಬಾಯಿ ಆರಂಭಿಸಿದೊಡನೆ ಎಡಗೈಯೂ ಎರಡು ಮಾತ್ರೆ ಮೊದಲೇ ಜಿಗಿಯುತ್ತಿದೆ. ನಾಳೆಯಿಂದ ಮತ್ತೆ ತಂತಿಗಳನ್ನು ಮುಚ್ಚಿ ಹಿಡಿದು, 50ರಲ್ಲಿ, ಆ ಒಂದು ಸಾಲನ್ನು ಮಾತಾಡುವುದರಿಂದ ಆರಂಭಿಸುತ್ತೇನೆ. ಸೋಮವಾರ ಮಾಸ್ತರರು ಪೇಟಿಯೊಂದಿಗೆ ಮೊದಲ ನುಡಿಯನ್ನು ಮಾತ್ರ ಕೇಳುವೆನೆಂದಿದ್ದಾರೆ.